ಕತ್ತಲಲ್ಲಿ ಕಯಾಕ್: ದೀಪ ಯಾರಿಗಾಗಿ?

ಮಗಳು ಗೆಳತಿಯರೊಡನೆ ರಾತ್ರಿ ಹಿನ್ನೀರಿನಲ್ಲಿ ಕಯಾಕ್ ನಡೆಸಲು ಹೊರಟಿದ್ದಾಳೆಯೆ? ಬೇಡ ಅನ್ನುವ ಮೊದಲು ಅವಳ ಚೀಲ ನೋಡಿ. ಟಾರ್ಚ್ ಇದೆ ತಾನೆ? ಅದು ಅವಳಿಗೆ ದಾರಿ ಕಾಣಲಿ ಅಂತಲ್ಲ, ಎದುರಿನ ಮೋಟಾರು ದೋಣಿಗೆ ಅವಳು ಕಾಣಲಿ ಅಂತ! ಈ ಪುಟ್ಟ ದೋಣಿ ನೀರಿಗೆ ಅಂಟಿಕೊಂಡಂತಿರುತ್ತದೆ. ಹತ್ತಿರ ಬರುವವರೆಗೂ ಕಾಣದು. ಹುಟ್ಟು ಹಾಕುವ ದೋಣಿಯಲ್ಲಿ ಬಿಳಿ ಬೆಳಕಿನ ಟಾರ್ಚಾದರೂ ಕೈಗೆಟುಕುವಂತಿರಬೇಕು, ಡಿಕ್ಕಿ ತಪ್ಪಿಸಲು ಸಾಕಷ್ಟು ಮುಂಚೆಯೇ ತೋರಿಸಬೇಕು ಎಂದು 1972ರ ಅಂತರರಾಷ್ಟ್ರೀಯ ನೌಕಾ ನಿಯಮವೂ ಹೇಳುತ್ತದೆ. ಸದಾ ಉರಿಯುವ ದೀಪವಾದರೆ ಬೆನ್ನ ಹಿಂದೆ, ತಲೆಗಿಂತ ಎತ್ತರದಲ್ಲಿರಲಿ. ಕಣ್ಣಿಗೇ ಹೊಡೆದರೆ ಕತ್ತಲಿಗೆ ಪಳಗಿದ ದೃಷ್ಟಿ ಮಂಕಾಗುತ್ತದೆ; ಪೂರ್ತಿ ಸರಿಹೋಗಲು ಅರ್ಧ ಗಂಟೆಯೇ ಬೇಕಾದೀತು. ಗಡಿಯಾರ ನೋಡಲು ಮಂದ ಕೆಂಪು ಬೆಳಕು ಸಾಕು. ಲೈಫ್ ಜಾಕೆಟ್ಟಿಗೆ ಹೊಳೆಯುವ ಪಟ್ಟಿ, ಜೊತೆಗೊಂದು ಸೀಟಿ ಇರಲಿ. ಟಾರ್ಚಿಗೆ ಹೊಸ ಸೆಲ್ ಹಾಕಿ, ನೀವೇ ಒಮ್ಮೆ ಹೊತ್ತಿಸಿ ನೋಡಿ ಕಳಿಸಿ.