ಕಚಗುಳಿಗೆ ಮುಂಚೆ ಸ್ವಲ್ಪ ಕಾಯಬೇಕು

ಜಪಾನಿನ ಶಿಶುಗೀತೆಗಳನ್ನು ಹಾಡಲು ಕಂಠ ಚೆನ್ನಾಗಿರಬೇಕೆಂದೇನಿಲ್ಲ, ಬೆರಳು ಆಡಿದರೆ ಸಾಕು. ‘ಇಪ್ಪೊನ್‌ಬಾಶಿ’ ಎಂಬ ಹಾಡನ್ನೇ ನೋಡಿ. ತಾಯಿಯೋ ತಂದೆಯೋ ಮಗುವಿನ ಅಂಗೈ ಬಿಡಿಸಿ, ಅದರ ಮೇಲೆ ಒಂದು ಬೆರಳಿನಿಂದ ಗೆರೆ ಎಳೆಯುತ್ತಾರೆ. ಅದೇ ಸೇತುವೆ. ಅಲ್ಲೇ ಒಂದಿಷ್ಟು ಕಚಗುಳಿ, ಮೆಲ್ಲಗೊಂದು ಏಟು, ಸುಳ್ಳುಸುಳ್ಳೇ ಚಿವುಟುವ ಆಟ. ಆಮೇಲೆ ಎರಡು ಬೆರಳುಗಳು ಕಾಲುಗಳಾಗಿ ಮುಂಗೈಯಿಂದ ಮೆಟ್ಟಿಲು ಹತ್ತುತ್ತವೆ. ಮೊಣಕೈ ದಾಟಿ ತೋಳಿಗೆ ಬಂದಾಗ ಗಕ್ಕನೆ ನಿಲ್ಲುತ್ತವೆ. ಮುಂದೇನೆಂದು ಮಗುವಿಗೆ ಗೊತ್ತು. ಭುಜ ಕುಗ್ಗಿಸಿಕೊಂಡು, ಉಸಿರು ಬಿಗಿಹಿಡಿದು, ಹಾಡುವವರ ಮುಖವನ್ನೇ ನೋಡುತ್ತದೆ. ಕಂಕುಳಿಗೆ ಬೆರಳು ಬೀಳುವುದು ಅದಾದ ಮೇಲೆ.

ಹಾಡಿನ ಜೀವ ಇರುವುದು ಆ ನಿಲುಗಡೆಯಲ್ಲಿ. ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಮಗುವಿನ ಮುಖ ನೋಡಿಯೇ ತೀರ್ಮಾನಿಸಬೇಕು. ಕೇಕೆ ಹಾಕುತ್ತಿದ್ದರೆ ಇನ್ನೂ ಸ್ವಲ್ಪ ಸತಾಯಿಸಬಹುದು. ನಿದ್ದೆಗಣ್ಣಿನಲ್ಲಿ ಮುಖ ಕಿವುಚುತ್ತಿದ್ದರೆ ಬೇಗ ಮುಗಿಸಿ ಎತ್ತಿಕೊಳ್ಳಬೇಕು. ಈ ಹಾಡಿನ ವಿಡಿಯೊಗಳಿಗೆ ಯೂಟ್ಯೂಬಿನಲ್ಲಿ ಬರವಿಲ್ಲ. ಬಣ್ಣ ಇದೆ, ತಾಳ ಇದೆ, ಕುಣಿಯುವ ಕರಡಿಮರಿಯೂ ಇದೆ. ಆದರೆ ನೋಡುತ್ತಿರುವ ಮಗು ನಕ್ಕಿತೋ ಅತ್ತಿತೋ ವಿಡಿಯೊಗೆ ತಿಳಿಯುವುದಿಲ್ಲ. ಅದು ತನ್ನ ಪಾಡಿಗೆ ಮುಂದಿನ ಹಾಡಿಗೆ ಹೋಗಿಬಿಡುತ್ತದೆ.

ಇದು ಹಳೆಯ ಕಾಲವನ್ನು ಹೊಗಳುವವರ ಗೊಣಗಾಟವಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿದ ಒಂದು ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮಾತನಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿನ ಎದುರು ಮ್ಯಾಂಡರಿನ್ ಚೀನಿ ಮಾತನಾಡುವವರೇ ಕೂತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿಸಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು ಪರದೆಯ ಮೇಲೆ ಬಂತು. 12 ಸಲ ಹೀಗೆ ನಡೆದ ಮೇಲೆ ಪರೀಕ್ಷಿಸಿದರೆ, ಎದುರಿಗೆ ಮನುಷ್ಯರನ್ನು ಕಂಡ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಿದವು. ಪರದೆ ನೋಡಿದ ಮಕ್ಕಳು ಏನೂ ಕಲಿತಿರಲಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2014ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಸಂಗೀತಕ್ಕೆ ತಕ್ಕಂತೆ ತಮ್ಮ ಜೊತೆಜೊತೆಗೇ ಕುಣಿದವರ ಕೈಯಿಂದ ವಸ್ತು ಜಾರಿಬಿದ್ದರೆ, 14 ತಿಂಗಳ ಮಕ್ಕಳು ಅದನ್ನು ಎತ್ತಿಕೊಡಲು ಹೆಚ್ಚು ಮುಂದಾದವು. ತಾಳ ತಪ್ಪಿಸಿ ಕುಣಿದವರಿಗೆ ಅಷ್ಟು ಉಪಕಾರ ಸಿಗಲಿಲ್ಲ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

ಹಾಗೆಂದು ಈ ಹಾಡುಗಳಿಂದ ಮಗು ಮಹಾ ಬುದ್ಧಿವಂತವಾಗುತ್ತದೆ ಎಂದು ಹೇಳಿ ದುಬಾರಿ ತರಗತಿಗಳನ್ನು ಮಾರುವವರ ಮಾತನ್ನು ನಂಬಬೇಕಾಗಿಲ್ಲ. ಮಗು ನಗುತ್ತದೆ. ಅಷ್ಟು ಲಾಭ ಸಾಲದೆ?

‘ನನಗೆ ಹಾಡಲು ಬರುವುದಿಲ್ಲ’ ಎನ್ನುವ ಅಪ್ಪಂದಿರಿಗೆ ಜಪಾನಿ ಜನಪದ ಶಿಶುಗೀತೆಗಳಷ್ಟು ಅನುಕೂಲವಾದವು ಬೇರೆ ಸಿಗುವುದು ಕಷ್ಟ. ‘ವರಬೆ ಉತ’ ಎಂದು ಕರೆಯುವ ಈ ಹಾಡುಗಳಲ್ಲಿ ಎಷ್ಟೋ ಅಕ್ಕಪಕ್ಕದ ಎರಡು ಮೂರು ಸ್ವರಗಳಲ್ಲೇ ಓಡಾಡಿಕೊಂಡಿರುತ್ತವೆ. ಮಾತಿನ ಏರಿಳಿತವನ್ನೇ ಸ್ವಲ್ಪ ಎಳೆದರೆ ಹಾಡು ಆಯಿತು. ಇದನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು ಕೊಯಿಜುಮಿ ಫುಮಿಯೊ ಎಂಬ ವಿದ್ವಾಂಸರು. 1950ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದು ಇಲ್ಲಿನ ಸಂಗೀತ ಕಲಿತು ಹೋದವರು ಅವರು. ಆಮೇಲೆ ಟೋಕಿಯೊದ ಮಕ್ಕಳು ಆಡುತ್ತ ಹಾಡುವುದನ್ನು ತಮ್ಮ ವಿದ್ಯಾರ್ಥಿಗಳ ಜೊತೆ ಸಂಗ್ರಹಿಸಿ, ಶಾಲೆಯ ಪಿಯಾನೊ ಕಲಿಸಿದ್ದಕ್ಕಿಂತ ಬೇರೆಯದೇ ಆದ ಸ್ವರಕ್ರಮ ಆ ಹಾಡುಗಳಲ್ಲಿದೆ ಎಂದು ತೋರಿಸಿದರು.

ಹಾಗಾದರೆ ಎಲ್ಲವೂ ಅಪ್ಪಟ ಜಪಾನಿಯೇ? ಖಂಡಿತ ಅಲ್ಲ. ಮುಷ್ಟಿ ಮಡಚಿ, ಬಿಡಿಸಿ, ಚಪ್ಪಾಳೆ ತಟ್ಟಿ ಆಡುವ ‘ಮುಸುಂದೆ ಹಿರಾಯ್ತೆ’ ಅಲ್ಲಿನ ಪ್ರತಿ ಮಗುವಿಗೂ ಗೊತ್ತು. ಅದರ ರಾಗದ ಮೂಲ ಫ್ರಾನ್ಸಿನಲ್ಲಿದೆ. 1752ರಲ್ಲಿ ರಂಗಕ್ಕೆ ಬಂದ ಒಂದು ಸಂಗೀತ ನಾಟಕದಿಂದ ಹೊರಟದ್ದು, ಬರೆದವನು ಜಾನ್ ಜಾಕ್ ರೂಸೊ. ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ದೊಡ್ಡ ಗ್ರಂಥವನ್ನೇ ಬರೆದ ಈ ಮಹಾಶಯ ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟವನು, ಇರಲಿ. ಆ ರಾಗ ಚರ್ಚಿನ ಪ್ರಾರ್ಥನೆಯಾಗಿ ಹಡಗು ಹತ್ತಿ ಜಪಾನಿಗೆ ಬಂತು. ಮೇಜಿ ಚಕ್ರವರ್ತಿಯ ಕಾಲದ ಮೊದಲ ಶಾಲಾ ಗೀತೆಗಳ ಪುಸ್ತಕದಲ್ಲಿ ವಸಂತದ ವರ್ಣನೆಯಾಯಿತು, ನಡುವೆ ಯುದ್ಧಗೀತೆಯೂ ಆಯಿತು. ಎರಡನೆಯ ಮಹಾಯುದ್ಧದ ನಂತರ ಕೈಯಾಟದ ಹಾಡಾಗಿ ಪಠ್ಯಪುಸ್ತಕ ಸೇರಿತು. ಉಳಿದ ಅವತಾರಗಳನ್ನು ಅಲ್ಲಿ ಈಗ ಹಾಡುವವರು ಕಡಿಮೆ. ಕೈಗೆ ಬಂದದ್ದು ಮಾತ್ರ ಬಾಯಲ್ಲಿ ಉಳಿಯಿತು.

ಶಾಲೆಯ ಹಾಡುಗಳು ಒಣಒಣವಾಗಿವೆ ಎಂದು ಬೇಸತ್ತ ಸಾಹಿತಿಗಳೂ ಇದ್ದರು. ಸುಜುಕಿ ಮಿಯೆಕಿಚಿ 1918ರ ಜುಲೈಯಲ್ಲಿ ‘ಅಕಾಯ್ ತೊರಿ’ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದರು. ಕಿತಹಾರ ಹಕುಶು, ಸಾಯ್ಜೊ ಯಾಸೊ ಮುಂತಾದ ಕವಿಗಳು ಅದಕ್ಕೆ ಬರೆದರು. ಹಾಡುಗಳು ಸೊಗಸಾಗಿವೆ, ಇವತ್ತಿಗೂ ದೊಡ್ಡವರು ಕಣ್ಣು ತೇವ ಮಾಡಿಕೊಂಡು ಹಾಡುತ್ತಾರೆ. ಆದರೆ ಅವು ಕೇಳುವ ಹಾಡುಗಳು. ಆರು ತಿಂಗಳ ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ಆಡಿಸಲು ಕವಿಗಳಿಲ್ಲದ ಹಳೆಯ ಹಾಡುಗಳೇ ವಾಸಿ.

ಆ ಹಳೆಯ ಹಾಡುಗಳೂ ಎಲ್ಲವೂ ಸಕ್ಕರೆಯಲ್ಲ. ಕುಮಾಮೊತೊ ಪ್ರಾಂತ್ಯದ ಇತ್ಸುಕಿ ಹಳ್ಳಿಯ ಪ್ರಸಿದ್ಧ ಜೋಗುಳವನ್ನು ಹಾಡಿದವರು ತಾಯಂದಿರಲ್ಲ. ಬಡತನಕ್ಕೆ ಉಳ್ಳವರ ಮನೆ ಸೇರಿ, ಬೇರೆಯವರ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಎಳೆಯ ಹುಡುಗಿಯರು. ಬೋನ್ ಹಬ್ಬ ಬಂದರೆ ಮನೆಗೆ ಹೋಗಬಹುದೆಂಬ ಆಸೆ, ತಾನು ಸತ್ತರೆ ಅಳುವವರು ಯಾರೆಂಬ ಸಂಕಟ ಆ ಹಾಡಿನಲ್ಲಿದೆ. ಕೂಸಿಗೆ ಅದೊಂದೂ ತಿಳಿಯದು, ಅದಕ್ಕೆ ಸಿಕ್ಕಿದ್ದು ಬೆನ್ನಿನ ತೂಗಾಟ ಮತ್ತು ನಿದ್ದೆ. ಹಾಡು ಬೇಕಾಗಿದ್ದುದು ಹೊತ್ತವಳಿಗೇ.

ಇವತ್ತಿನ ಟೋಕಿಯೊದಲ್ಲಿ ಕೂಸು ಹೊತ್ತವರ ಒಂಟಿತನ ಬೇರೆ ರೀತಿಯದು. ಪುಟ್ಟ ಅಪಾರ್ಟ್‌ಮೆಂಟು, ರಾತ್ರಿ ಬರುವ ಗಂಡ, ದೂರದ ಊರಿನಲ್ಲಿರುವ ಅಜ್ಜಿ. 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಜಪಾನಿ ಮಕ್ಕಳು ಸುಮಾರು 6.86 ಲಕ್ಷ ಮಾತ್ರ, ಲೆಕ್ಕ ಇಡಲು ಶುರುವಾದ ಮೇಲೆ ಏಳು ಲಕ್ಷಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ಇಂಥ ಕಡೆ ಹಾಡು ತಾನಾಗಿಯೇ ಬಾಯಿಂದ ಬಾಯಿಗೆ ಹೋಗುವುದು ಹೇಗೆ? ಜಪಾನ್ ಮಾಡಿದ ಜಾಣತನದ ಕೆಲಸ ಇಲ್ಲಿದೆ. ಸ್ಥಳೀಯ ಆಡಳಿತದ ಮಕ್ಕಳ ಕೇಂದ್ರಗಳಲ್ಲಿ, ಶಾಲೆಯ ಮಕ್ಕಳು ಇನ್ನೂ ಬಂದಿರದ ಬೆಳಗಿನ ಹೊತ್ತಿನಲ್ಲಿ, ಕೂಸುಗಳಿಗೂ ಹೆತ್ತವರಿಗೂ ಜಾಗ ಇರುತ್ತದೆ. ಚಾಪೆಯ ಮೇಲೆ ವೃತ್ತವಾಗಿ ಕೂತು, ಸಿಬ್ಬಂದಿ ಹೇಳಿಕೊಟ್ಟಂತೆ ಕೂಸಿನ ಕೈಕಾಲು ಹಿಡಿದು ಹಾಡುತ್ತಾರೆ. ಪಕ್ಕದವಳ ಮಗುವೂ ರಾತ್ರಿಯೆಲ್ಲ ಅಳುತ್ತದೆ ಎಂದು ತಿಳಿಯುವುದೂ ಅಲ್ಲೇ. 2001ರಿಂದ ಅನೇಕ ಊರುಗಳಲ್ಲಿ ಕೂಸಿನ ಆರೋಗ್ಯ ತಪಾಸಣೆಗೆ ಬಂದವರಿಗೆ ಚಿತ್ರಪುಸ್ತಕ ಕೊಟ್ಟು, ಅದನ್ನು ಮಗುವಿಗೆ ಓದಿಯೂ ತೋರಿಸುತ್ತಾರೆ. ಅಲ್ಲಿನ ಸ್ಥಳೀಯ ಆಡಳಿತಕ್ಕೆ ಇದು ಆರೋಗ್ಯ ತಪಾಸಣೆಯ ಪಕ್ಕದಲ್ಲೇ ನಿಲ್ಲುವ ಕೆಲಸ.

ಟಿವಿಯನ್ನೂ ಜಪಾನ್ ಬಿಟ್ಟಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ‘ಒಕಾಸಾನ್ ತೊ ಇಸ್ಶೊ’ ಎಂಬ ಮಕ್ಕಳ ಕಾರ್ಯಕ್ರಮ 1959ರಿಂದ ಬರುತ್ತಿದೆ. ‘ತಾಯಿಯ ಜೊತೆ’ ಎಂಬುದು ಆ ಹೆಸರಿನಲ್ಲೇ ಇದೆ, ಮಗುವನ್ನು ಟಿವಿಯ ಮುಂದೆ ಒಂಟಿಯಾಗಿ ಕೂರಿಸುವುದಕ್ಕೆ ಅದು ಪರವಾನಗಿಯಲ್ಲ. ಇನ್ನು ಮಗುವಿನ ಆರೈಕೆಗೆ ರಜೆ ಹಾಕುವ ಅಪ್ಪಂದಿರ ಪ್ರಮಾಣ 2023ರಲ್ಲಿ ಅಲ್ಲಿ ಶೇ 30 ದಾಟಿತು. ಕಚಗುಳಿಯ ಮೆಟ್ಟಿಲು ಹತ್ತುವ ಬೆರಳು ಈಗ ಅವರದೂ ಆಗಲಿ.

ಟೋಕಿಯೊದ ನಿಶಿಕಸಾಯ್ ಕಡೆ ನೆಲೆಸಿರುವ ಭಾರತೀಯ ಐಟಿ ಕುಟುಂಬಗಳಿಗೆ ಇಂಥ ಕೇಂದ್ರಗಳು ಪಕ್ಕದಲ್ಲೇ ಇವೆ. ಜಪಾನಿ ಬಾರದ ತಾಯಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಲು ಕೈಯಾಟದ ಹಾಡಿಗಿಂತ ಸುಲಭದ ದಾರಿ ಇಲ್ಲ. ನಮ್ಮಲ್ಲೂ ಅಂಗೈಯಲ್ಲಿ ಸುಳ್ಳು ಅನ್ನ ಕಲಸಿ, ಬೆರಳು ಮಡಚಿ, ತೋಳಿನುದ್ದಕ್ಕೂ ಬೆರಳು ನಡೆಸಿ ಕಂಕುಳಲ್ಲಿ ಕಚಗುಳಿ ಇಡುವ ಅಜ್ಜಿಯರಿದ್ದಾರೆ. ಅಂಗನವಾಡಿಗಳಲ್ಲಿ ಮೂರು ವರ್ಷ ದಾಟಿದವರಿಗೆ ಅಭಿನಯ ಗೀತೆಗಳುಂಟು, ಅದಕ್ಕಿಂತ ಚಿಕ್ಕವರ ಪಾಲಿಗೆ ಹೆಚ್ಚಾಗಿ ತೂಕ, ಲಸಿಕೆ, ಪೌಷ್ಟಿಕ ಆಹಾರದ ಪೊಟ್ಟಣ. ತಾಯಂದಿರ ಸಭೆಯಲ್ಲಿ ಇನ್ನೊಂದು ಅರ್ಧ ಗಂಟೆ ಚಾಪೆ ಹಾಸಿ, ಊರಿನ ಅಜ್ಜಿಯೊಬ್ಬರನ್ನು ಕರೆದು ಕೂರಿಸಲು ಇಲಾಖೆಗೆ ಹೊಸ ಕಟ್ಟಡವೂ ಬೇಡ, ಟೆಂಡರೂ ಬೇಡ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಮಾಡಿ ನೋಡಲಿ.