ಆಟದ ಗಾಯಕ್ಕೆ ಹೊಣೆ ಯಾರು?

ಹೋದ ತಿಂಗಳು ನಮ್ಮ ಬೀದಿಯ ಗೃಹಿಣಿಯೊಬ್ಬರು ಅಚ್ಚಾದ ಕಾಗದವೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಅವರ 13 ವರ್ಷದ ಮಗನು ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದನು. ಆಟದಲ್ಲಿ ಯಾವ ಅಪಾಯವಾದರೂ ಸಂಸ್ಥೆಯು ಹೊಣೆಯಲ್ಲವೆಂಬ ಒಕ್ಕಣೆಯ ಕೆಳಗೆ ತಂದೆತಾಯಿಗಳ ರುಜು ಬೇಕಂತೆ. “ಮೇಷ್ಟ್ರೇ, ಇದಕ್ಕೆ ರುಜು ಹಾಕಿದರೆ ನಾಳೆ ಹುಡುಗನ ಕಾಲು ಮುರಿದರೂ ನಾವು ಬಾಯಿ ಮುಚ್ಚಿಕೊಂಡಿರಬೇಕೇ?” ಎಂದು ಕೇಳಿದರು. ನಾನು ವಕೀಲನಲ್ಲ; ವ್ಯಾಕರಣ ಪಾಠ ಹೇಳಿ ತಲೆ ನರೆಸಿಕೊಂಡವನು. ಆದರೂ ಪ್ರಶ್ನೆಯು ಮನಸ್ಸನ್ನು ಬಿಡಲಿಲ್ಲವಾದುದರಿಂದ ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲು ದಂಡವಿಧಿ. 1860ರ ಇಂಡಿಯನ್ ಪೀನಲ್ ಕೋಡಿನ 87ನೆಯ ಪ್ರಕರಣವಾಗಿದ್ದುದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 25ನೆಯದಾಗಿ ಬಂದಿದೆ. ಇಬ್ಬರು ವಿನೋದಾರ್ಥವಾಗಿ ಕತ್ತಿವರಸೆಯಾಡಲು ಒಪ್ಪಿದರೆ, ಮೋಸವಿಲ್ಲದ ಆಟದಲ್ಲಿ ತಗಲಬಹುದಾದ ಪೆಟ್ಟಿಗೂ ಒಪ್ಪಿದಂತೆಯೇ ಸರಿ ಎಂಬುದು ಅಲ್ಲಿಯ ದೃಷ್ಟಾಂತ. ಆದರೆ ಮರಣವನ್ನಾಗಲಿ ಘೋರಗಾಯವನ್ನಾಗಲಿ ಉದ್ದೇಶಿಸಿರಬಾರದು, ಸಂಭವವೆಂದು ತಿಳಿದೂ ಮಾಡಿರಬಾರದು. ಒಪ್ಪಿದವನು 18 ವರ್ಷ ಮೀರಿದವನಾಗಿರಬೇಕು. ಹಾಗಾದರೆ ಆ 13 ವರ್ಷದ ಹುಡುಗನ ಒಪ್ಪಿಗೆಗೆ ಈ ಪ್ರಕರಣದಲ್ಲಿ ಬೆಲೆಯಿಲ್ಲ. ಹಾಗೆಂದು ಬಾಲಕರ ಆಟವೆಲ್ಲ ಅಪರಾಧವಾಗದು. ಅಪರಾಧಕ್ಕೆ ದುರುದ್ದೇಶವೋ ದುಡುಕೋ ಬೇಕು.

ನಮ್ಮ ಪ್ರಾಚೀನರಲ್ಲಿ ಮನುವು ಎಣಿಸಿದ 18 ವ್ಯವಹಾರಪದಗಳಲ್ಲಿ ದ್ಯೂತಸಮಾಹ್ವಯವೆಂಬುದೊಂದುಂಟು. ಅದು ಪಣವನ್ನು ಕುರಿತದ್ದೇ ಹೊರತು ಆಡುವವನ ಎಲುಬನ್ನು ಕುರಿತದ್ದಲ್ಲ. ಈ ವಿಷಯದಲ್ಲಿ ಪಂಡಿತನ ಪುಸ್ತಕದ ಕಪಾಟು ನನಗೆ ಹೆಚ್ಚು ನೆರವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯದು ನಷ್ಟಪರಿಹಾರದ ಸಿವಿಲ್ ನ್ಯಾಯ. ಇಲ್ಲಿ ಸೆರೆಮನೆಯ ಮಾತಿಲ್ಲ. ಎಚ್ಚರಿಕೆ ವಹಿಸಬೇಕಾದವನು ವಹಿಸಿದನೇ ಎಂಬುದೇ ಪ್ರಶ್ನೆ. ನಿಯಮ ಮೀರಿ ಅಜಾಗರೂಕತೆಯಿಂದ ಎದುರಾಳಿಯ ಕಾಲು ಮುರಿದ ಫುಟ್‌ಬಾಲ್ ಆಟಗಾರನು ಪರಿಹಾರ ಕೊಡತಕ್ಕದ್ದೆಂದು ಇಂಗ್ಲೆಂಡಿನ ಅಪೀಲು ನ್ಯಾಯಾಸ್ಥಾನವು 1985ರಲ್ಲಿ ತೀರ್ಮಾನಿಸಿತು. 1996ರಲ್ಲಿ ಅದೇ ನ್ಯಾಯಾಸ್ಥಾನವು ಇನ್ನೂ ಮುಂದಕ್ಕೆ ಹೋಗಿ, ಬಾಲಕರ ರಗ್ಬಿ ಪಂದ್ಯದಲ್ಲಿ ಅವರ ರಕ್ಷಣೆಗೆಂದೇ ಇದ್ದ ನಿಯಮಗಳನ್ನು ನಡೆಸದ ರೆಫರಿಯನ್ನೇ ಹೊಣೆಗಾರನೆಂದಿತು. ಗಾಯಗೊಂಡ ಹುಡುಗನಿಗೆ ಆಗ 17 ವರ್ಷ.

ಆದರೆ ನನ್ನ ನಿದ್ರೆ ಕೆಡಿಸಿದ್ದು ಮೈಕೆಲ್ ವಾಟ್ಸನ್ ಎಂಬ ಮುಷ್ಟಿಮಲ್ಲನ ಪ್ರಕರಣ. 1991ರ ಸೆಪ್ಟೆಂಬರ್ 21ರ ರಾತ್ರಿ ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಆತನಿಗೂ ಕ್ರಿಸ್ ಯೂಬ್ಯಾಂಕನಿಗೂ ಪಂದ್ಯ ನಡೆಯಿತು. 11ನೆಯ ಸುತ್ತಿನಲ್ಲಿ ವಾಟ್ಸನ್ನನು ಎದುರಾಳಿಯನ್ನು ನೆಲಕ್ಕೆ ಕೆಡವಿದನು. ಅವನು ಎದ್ದು ಗದ್ದದ ಕೆಳಗಿನಿಂದ ಕೊಟ್ಟ ಗುದ್ದಿಗೆ ಇವನು ಉರುಳಿದನು. 12ನೆಯ ಸುತ್ತಿನಲ್ಲಿ ರೆಫರಿಯು ಪಂದ್ಯ ನಿಲ್ಲಿಸಿದನು. ಸ್ವಲ್ಪ ಹೊತ್ತಿಗೆಲ್ಲ ವಾಟ್ಸನ್ನನಿಗೆ ಪ್ರಜ್ಞೆ ತಪ್ಪಿತು. ವೈದ್ಯರೇನೋ ಇದ್ದರು, ಆದರೆ ಉಸಿರಾಟಕ್ಕೆ ನೆರವಾಗುವ ಉಪಕರಣಗಳು ಸಿದ್ಧವಿರಲಿಲ್ಲ. ತಕ್ಕ ಉಪಚಾರ ಆರಂಭವಾದದ್ದು ಆಸ್ಪತ್ರೆಯಲ್ಲಿ, ಅರ್ಧ ಘಂಟೆಯ ಸುಮಾರಿಗೆ. ಮೆದುಳಿನ ಶಸ್ತ್ರಕ್ರಿಯೆಗೆ ಅಲ್ಲಿಂದ ಮತ್ತೊಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ಆತನು 40 ದಿನ ಎಚ್ಚರವಿಲ್ಲದೆ ಮಲಗಿದ್ದನು.

ಆತನು ದಾವೆ ಹೂಡಿದ್ದು ಹೊಡೆದವನ ಮೇಲಲ್ಲ, ಆಟದ ನಿಯಮ ಮಾಡುವ ಬ್ರಿಟಿಷ್ ಬಾಕ್ಸಿಂಗ್ ಮಂಡಲಿಯ ಮೇಲೆ. ಗುದ್ದಿಗೆ ಆತನು ಒಪ್ಪಿದ್ದನು, ಸರಿ; ಉಪಚಾರವಿಲ್ಲದೆ ಬಿದ್ದಿರುವುದಕ್ಕೆ ಒಪ್ಪಿದ್ದನೇ? ವೈದ್ಯಕೀಯ ಏರ್ಪಾಡು ಹೇಗಿರಬೇಕೆಂದು ವಿಧಿಸುವ ಅಧಿಕಾರ ಮಂಡಲಿಯದು. ಮಲ್ಲರು ಅದನ್ನು ನಂಬಿ ಕಣಕ್ಕಿಳಿಯುತ್ತಾರೆ. ಆದ್ದರಿಂದ ಹೊಣೆಯೂ ಮಂಡಲಿಯದೇ ಎಂದು 2000ದ ಡಿಸೆಂಬರ್ 19ರಂದು ಅಪೀಲು ನ್ಯಾಯಾಸ್ಥಾನವು ಹೇಳಿತು. ಕೊನೆಗೆ 4 ಲಕ್ಷ ಪೌಂಡುಗಳಿಗೆ ರಾಜಿಯಾಯಿತು. 2003ರಲ್ಲಿ ವಾಟ್ಸನ್ನನು ಲಂಡನ್ ಮ್ಯಾರಥಾನಿನ ದಾರಿಯನ್ನು 6 ದಿನಗಳಲ್ಲಿ ನಡೆದು ಮುಗಿಸಿದನು.

ಮೂರನೆಯದು ಸರ್ಕಾರದ ಶಾಸನ. ಅದು ಸಾಮಾನ್ಯವಾಗಿ ಹೆಣಗಳ ಹಿಂದೆಯೇ ಬರುತ್ತದೆ. ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದ ಮೆಟ್ಟಿಲುಗಳಲ್ಲಿ 1971ರಲ್ಲಿ 66 ಮಂದಿ ನಲುಗಿ ಸತ್ತರು. ಕ್ರೀಡಾಂಗಣಗಳ ಸುರಕ್ಷತೆಯ ಕಾಯಿದೆ ಹುಟ್ಟಿದ್ದು 1975ರಲ್ಲಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 2025ರ ಜೂನ್ 4ರಂದು ನೂಕುನುಗ್ಗಲಿನಲ್ಲಿ ಮಡಿದ 11 ಮಂದಿಯನ್ನು ನಮ್ಮ ವಾಚಕರು ಮರೆತಿರಲಾರರು.

ಇನ್ನು ಆ ರುಜುವಿನ ಮಾತು. ತನ್ನ ಅಜಾಗರೂಕತೆಯಿಂದಾದ ಮರಣಕ್ಕೂ ಗಾಯಕ್ಕೂ ಹೊಣೆಯಲ್ಲವೆಂದು ವ್ಯಾಪಾರಿ ಸಂಸ್ಥೆಯು ಬರೆಸಿಕೊಂಡರೆ ಇಂಗ್ಲೆಂಡಿನ 1977ರ ಕಾಯಿದೆಯು ಅದನ್ನು ಮನ್ನಿಸದು. ನಮ್ಮ 1872ರ ಕರಾರು ಕಾಯಿದೆಯು ಅಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ನಿಲ್ಲದೆಂದು ಅದರ 23ನೆಯ ಪ್ರಕರಣವು ಹೇಳುತ್ತದೆ. ಅಪ್ರಾಪ್ತವಯಸ್ಕನಿಗೆ ಕರಾರು ಮಾಡುವ ಅರ್ಹತೆಯೇ ಇಲ್ಲ. ಆಟದಲ್ಲಿ ಸಹಜವಾದ ಪೆಟ್ಟಿಗೆ ತಾಯಿ ಒಪ್ಪಬಹುದು; ಮೈದಾನದಲ್ಲಿ ಚಾಚಿಕೊಂಡ ಕಬ್ಬಿಣದ ಸಲಾಕೆಗೆ ಆಕೆ ಏಕೆ ಒಪ್ಪಬೇಕು?

ಆದ್ದರಿಂದ ನಾನು, “ರುಜು ಆಮೇಲಿರಲಿ ತಾಯಿ. ಮೊದಲು ಆಟದ ಹೊತ್ತಿನಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಯಾರಿರುತ್ತಾರೆ, ಔಷಧದ ಪೆಟ್ಟಿಗೆ ಎಲ್ಲಿದೆ, ಆಸ್ಪತ್ರೆಗೆ ಒಯ್ಯಲು ವಾಹನ ಯಾವುದು ಎಂದು ವಿಚಾರಿಸಿ ಬನ್ನಿ” ಎಂದೆನು. ಮರುದಿನ ಆಕೆ ಬಂದರು. ಪೆಟ್ಟಿಗೆ ಇದೆಯಂತೆ. ಅದರ ಬೀಗದ ಕೈ ಗುಮಾಸ್ತರ ಬಳಿ ಇರುತ್ತದೆ. ಗುಮಾಸ್ತರು 5 ಘಂಟೆಗೆ ಮನೆಗೆ ಹೊರಡುತ್ತಾರೆ. ಹುಡುಗರ ಆಟ ಆರಂಭವಾಗುವುದು 5 ಘಂಟೆಗೆ.

ಕಾಗದಕ್ಕೆ ಇನ್ನೂ ರುಜು ಬಿದ್ದಿಲ್ಲ.