ಬಾಲಿಕೆಯರ ಶಾಲೆಗಳಲ್ಲಿ ಅಭಿನಯ ಶಿಕ್ಷಣ

ಹೊರಗಿನಿಂದ ಬಂದ ಕಲಾವಿದರೊಬ್ಬರು ಕೆಲವು ದಿನಗಳ ಮಟ್ಟಿಗೆ ಶಾಲೆಯಲ್ಲಿದ್ದು ಮಕ್ಕಳಿಗೆ ಮೂಕಾಭಿನಯವನ್ನೂ ನಾಟಕವನ್ನೂ ಕಲಿಸುವ ಪದ್ಧತಿಯು ನಮ್ಮ ನಾಡಿನ ಕೆಲವು ಪಾಠಶಾಲೆಗಳಲ್ಲಿ ರೂಢಿಗೆ ಬಂದಿರುವುದು ಸಂತೋಷದ ವಿಷಯವು. 2005ನೆಯ ಇಸವಿಯ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆಗಳೊಡನೆ ನಾಟಕವನ್ನೂ ಶಾಲೆಯಲ್ಲಿ ಕಲಿಸತಕ್ಕ ವಿಷಯಗಳ ಸಾಲಿನಲ್ಲಿ ಕೂಡಿಸಿತು. 2020ನೆಯ ಇಸವಿಯ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಥಳೀಯ ಕಲಾವಿದರನ್ನು ಶಾಲೆಗೆ ಕರೆಯಿಸಿ ಅವರಿಂದ ಪಾಠ ಹೇಳಿಸಬಹುದೆಂದು ಸೂಚಿಸಿತು. ಹೀಗೆ ಬಾಗಿಲೇನೋ ತೆರೆದಿದೆ. ಆದರೆ ಆ ಬಾಗಿಲಿನಿಂದ ಒಳಗೆ ಬಂದ ಅತಿಥಿಯಿಂದ ನಾವು ಯಾವ ಕೆಲಸವನ್ನು ಮಾಡಿಸಿಕೊಳ್ಳುತ್ತೇವೆಂಬುದನ್ನು ಆಲೋಚಿಸಿದವರು ವಿರಳ. ಈ ವಿಷಯದಲ್ಲಿ ನನಗೆ ತೋಚಿದ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಸಾಮಾನ್ಯವಾಗಿ ನಡೆಯುವುದು ಇಷ್ಟೇ. ವಾರ್ಷಿಕೋತ್ಸವಕ್ಕೆ ಎರಡು ಮೂರು ವಾರಗಳಿರುವಾಗ ಕಲಾವಿದರಿಗೆ ಕರೆ ಹೋಗುತ್ತದೆ. ಅವರು ಬಂದ ದಿನವೇ, ಚುರುಕಾದವರೂ ಸ್ಪಷ್ಟವಾಗಿ ಮಾತಾಡಬಲ್ಲವರೂ ಹಿಂದಿನ ವರ್ಷ ರಂಗವನ್ನೇರಿದ್ದವರೂ ಆದ ಹತ್ತು ಹನ್ನೆರಡು ಮಂದಿ ಹುಡುಗಿಯರನ್ನು ಆರಿಸಿ ಅವರ ವಶಕ್ಕೆ ಒಪ್ಪಿಸಲಾಗುತ್ತದೆ. ಅಭ್ಯಾಸವು ಬಾಗಿಲು ಮುಚ್ಚಿದ ಸಭಾಂಗಣದಲ್ಲಿ ಸಾಗುತ್ತದೆ. ಉಳಿದ ವಿದ್ಯಾರ್ಥಿನಿಯರು ಉತ್ಸವದ ಸಂಜೆ ಜಮಖಾನೆಯ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಬಣ್ಣ, ಬೆಳಕು, ಮುಖ್ಯ ಅತಿಥಿಗಳ ಶ್ಲಾಘನೆ, ಒಂದು ಛಾಯಾಚಿತ್ರ. ಮರುದಿನ ಕಲಾವಿದರು ತಮ್ಮ ಊರಿಗೆ ಹೊರಡುತ್ತಾರೆ. ಜಾತ್ರೆ ಮುಗಿದ ಮರುದಿನದ ತೇರುಬೀದಿಯಂತೆ ಶಾಲೆಯು ಮೊದಲಿದ್ದಂತೆಯೇ ಇರುತ್ತದೆ. ಮಾತು ಬಲ್ಲವಳಿಗೆ ಇನ್ನಷ್ಟು ಮಾತು ಬಂತು. ಬಾಯಿ ಬಿಡದವಳು ಹಾಗೆಯೇ ಉಳಿದಳು. ಔಷಧವು ಯಾರಿಗೆ ಬೇಕಾಗಿತ್ತೋ ಅವರನ್ನು ಹೊರಗೆ ಕೂಡಿಸಿ, ಆರೋಗ್ಯವಂತರಿಗೆ ಅದನ್ನು ಕುಡಿಸಿದಂತಾಯಿತು.

ಬಂದ ಕಲಾವಿದರು ಒಂದು ಪ್ರದರ್ಶನವನ್ನು ಸಿದ್ಧಗೊಳಿಸಿಕೊಡತಕ್ಕವರಲ್ಲ, ಶಾಲೆಯ ಪ್ರತಿಯೊಬ್ಬ ಬಾಲಿಕೆಗೂ ಅವಳ ಶರೀರದ ಮೇಲೆಯೂ ಧ್ವನಿಯ ಮೇಲೆಯೂ ಅಧಿಕಾರವನ್ನು ದೊರಕಿಸಿಕೊಡತಕ್ಕವರು ಎಂಬುದೇ ನನ್ನ ಅಭಿಪ್ರಾಯದ ಸಾರವು.

ಈ ಕಲೆಯ ಸ್ವರೂಪವನ್ನು ಸ್ವಲ್ಪ ವಿಚಾರಿಸೋಣ. ನಮ್ಮ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿದೆ. ಮೂಕಾಭಿನಯದಲ್ಲಿ ಮಾತಿಲ್ಲ, ವೇಷಭೂಷಣವೂ ಸಲಕರಣೆಯೂ ಇಲ್ಲದೆ ಅದನ್ನು ಕಲಿಯಬಹುದು. ಉಳಿಯುವುದು ಅಂಗವೂ ಅಂತಃಕರಣವೂ ಮಾತ್ರ. ಕೈಯಲ್ಲಿ ಹಗ್ಗವಿಲ್ಲದೆ ಬಾವಿಯಿಂದ ನೀರು ಸೇದಿ ತೋರಿಸೆಂದು ಗುರುವು ಹೇಳಿದನೆನ್ನಿರಿ. ಹುಡುಗಿಯು ಮೊದಲು ಕೈಗಳನ್ನು ಬರಿದೆ ಮೇಲೆ ಕೆಳಗೆ ಆಡಿಸುವಳು. ನೋಡುವವರಿಗೆ ಅದು ನೀರು ಸೇದಿದಂತೆ ಕಾಣಿಸದು. ಕೊಡವು ನೀರನ್ನು ಮುಟ್ಟಿದಾಗ ಹಗ್ಗವು ಸಡಿಲವಾಗುವುದು, ಅದು ಮುಳುಗಿ ತುಂಬಿದೊಡನೆ ಭಾರವು ತೋಳಿಗೂ ಬೆನ್ನಿಗೂ ಬರುವುದು, ಕಾಲುಗಳು ನೆಲವನ್ನು ಒತ್ತಿ ಹಿಡಿಯುವುದು, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟಾಗ ಮೈ ಎದುರು ಬದಿಗೆ ವಾಲುವುದು, ಇವುಗಳನ್ನೆಲ್ಲ ಅವಳು ನೆನಪಿಗೆ ತಂದುಕೊಳ್ಳಬೇಕು. ನೆನಪಿಲ್ಲದಿದ್ದರೆ ಮನೆಗೆ ಹೋಗಿ ತಾಯಿಯನ್ನೋ ಅಜ್ಜಿಯನ್ನೋ ನೋಡಿ ಬರಬೇಕು. ಹೀಗೆ ಮೂಕಾಭಿನಯವು ಮೊಟ್ಟಮೊದಲು ಕಣ್ಣಿನ ಶಿಕ್ಷಣವು. ದಿನವೂ ನೀರು ಹೊರುವ ತಾಯಿಯ ಶ್ರಮವನ್ನು ಮಗಳು ಅದುವರೆಗೆ ಕಂಡಿರದಿದ್ದರೆ ಆ ದಿನ ಕಾಣುವಳು.

ಇನ್ನೊಂದು ಅಭ್ಯಾಸವುಂಟು. ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬಳು ಮೆಲ್ಲನೆ ಚಲಿಸುತ್ತಾಳೆ, ಮತ್ತೊಬ್ಬಳು ಅವಳ ಕನ್ನಡಿಯಾಗುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಕನ್ನಡಿಯಾಗಿದ್ದವಳು ಮುಂದಾಳಾಗುತ್ತಾಳೆ. ಮುಂದಾಳು ಅವಸರಪಟ್ಟರೆ ಆಟವು ಕೆಡುತ್ತದೆ. ಆದುದರಿಂದ ಎದುರಿಗಿರುವವಳ ಶಕ್ತಿಯನ್ನು ಅರಿತು ನಡೆಯುವುದನ್ನು ಆಕೆ ಕಲಿಯಲೇಬೇಕು. ಮೊದಲನೆಯ ಬೆಂಚಿನವಳನ್ನು ಕೊನೆಯ ಬೆಂಚಿನವಳೊಡನೆ ಜೋಡಿಸಿದರೆ ಈ ಅಭ್ಯಾಸವು ಮಾಡುವ ಉಪಕಾರವನ್ನು ನೀತಿಪಾಠದ ಹತ್ತು ಪುಟಗಳೂ ಮಾಡಲಾರವು. ಪ್ಯಾರಿಸ್ ನಗರದಲ್ಲಿ 1956ನೆಯ ಇಸವಿಯಲ್ಲಿ ತಮ್ಮ ಪ್ರಸಿದ್ಧವಾದ ಅಭಿನಯ ಶಾಲೆಯನ್ನು ತೆರೆದ ಝಾಕ್ ಲೆಕೊಕ್ ಎಂಬವರು, ಮುಖದಲ್ಲಿ ಯಾವ ಭಾವವನ್ನೂ ತೋರಿಸದ ಸಾದಾ ಮುಖವಾಡವೊಂದನ್ನು ವಿದ್ಯಾರ್ಥಿಗಳಿಗೆ ತೊಡಿಸಿ ಪಾಠವನ್ನು ಆರಂಭಿಸುತ್ತಿದ್ದರು. ಮುಖವು ಮರೆಯಾದಾಗ ಮೈಯೇ ಮಾತಾಡಬೇಕಾಗುತ್ತದೆ. ಈ ಲೆಕೊಕ್ ಅವರು ನಾಟಕಕ್ಕೆ ಬರುವ ಮೊದಲು ವ್ಯಾಯಾಮ ಶಿಕ್ಷಕರಾಗಿದ್ದವರೆಂಬುದನ್ನು ನಮ್ಮ ಶಾಲೆಗಳ ವ್ಯಾಯಾಮ ಶಿಕ್ಷಕಿಯರು ಗಮನಿಸಬೇಕು.

ಈ ಶಿಕ್ಷಣವು ಎಲ್ಲ ಮಕ್ಕಳಿಗೂ ಹಿತವಾದುದೇ, ಬಾಲಿಕೆಯರಿಗಾದರೋ ಅತ್ಯವಶ್ಯಕವು. ಹುಡುಗಿಯು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅವಳ ಮೈಯು ಮತ್ತೊಂದು ಶಾಲೆಯಲ್ಲಿ ಪಾಠವನ್ನು ಕಲಿತು ಮುಗಿಸಿರುತ್ತದೆ. ತಲೆ ತಗ್ಗಿಸಿ ನಡೆ, ಮೆಲ್ಲಗೆ ಮಾತಾಡು, ಗಟ್ಟಿಯಾಗಿ ನಗಬೇಡ ಎಂಬ ಉಪದೇಶಗಳನ್ನು ಆಕೆ ಹಗಲಿರುಳು ಕೇಳಿರುತ್ತಾಳೆ. ಪುಸ್ತಕಗಳನ್ನು ಎದೆಗೆ ಅವಚಿಕೊಂಡು, ಹೆಗಲುಗಳನ್ನು ಮುದುಡಿಕೊಂಡು, ಗೋಡೆಯ ಬದಿಯಿಂದ ಹಾದುಹೋಗುವ ಎಷ್ಟು ಮಂದಿಯನ್ನು ನಾವು ದಿನವೂ ಕಾಣುವುದಿಲ್ಲ! ಪ್ರಶ್ನೆ ಕೇಳಿದರೆ ಉತ್ತರವು ಎರಡನೆಯ ಬೆಂಚಿಗೂ ಕೇಳಿಸದು. ಇದನ್ನು ನಾವು ವಿನಯವೆಂದು ಹೊಗಳುತ್ತೇವೆ. ವಿನಯವು ಬೇರೆ, ಅಂಜಿಕೆಯು ಬೇರೆ. ಮಾತಾಡಬಲ್ಲವಳು ಸಮಯವರಿತು ಸುಮ್ಮನಿರುವುದು ವಿನಯವು. ಮಾತಾಡಲಾರದವಳು ಸುಮ್ಮನಿರುವುದು ನಿರುಪಾಯವು. ಬಸ್ಸಿನಲ್ಲಿ ಅಯೋಗ್ಯನೊಬ್ಬನು ಮೈಮೇಲೆ ಬಿದ್ದಾಗ ‘ದೂರ ನಿಲ್ಲು’ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಲು ಧ್ವನಿಯು ಬೇಕು. ಓದು ಮುಂದುವರಿಸಬೇಕೆಂಬ ಆಸೆಯನ್ನು ತಂದೆಯ ಎದುರು ನಿಂತು ಮರ್ಯಾದೆಯಿಂದಲೂ ಸ್ಥಿರವಾಗಿಯೂ ತಿಳಿಸಲು ಬೆನ್ನು ನೆಟ್ಟಗಿರಬೇಕು. ಈ ಸಾಮರ್ಥ್ಯವು ಭಾಷಣ ಕೇಳಿದ್ದರಿಂದ ಬರುವುದಿಲ್ಲ, ಅಭ್ಯಾಸದಿಂದಲೇ ಬರತಕ್ಕದ್ದು. ಎರಡು ಕಾಲುಗಳ ಮೇಲೆ ಸಮವಾಗಿ ನಿಲ್ಲುವುದೇ ಅಭಿನಯದ ಮೊದಲನೆಯ ಪಾಠವೆಂದರೆ ಕೆಲವರಿಗೆ ನಗು ಬರಬಹುದು. ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ಹಾಗೆ ನಿಲ್ಲಬಲ್ಲರೆಂಬುದನ್ನು ಒಮ್ಮೆ ನೋಡಿದರೆ ಆ ನಗುವು ನಿಲ್ಲುವುದು.

ಈ ಕಲೆಯು ಬರಿಯ ವಿನೋದವಲ್ಲವೆಂಬುದಕ್ಕೆ ದೃಷ್ಟಾಂತಗಳಿವೆ. ಮೂಕಾಭಿನಯದಲ್ಲಿ ಲೋಕಪ್ರಸಿದ್ಧರಾದ ಫ್ರಾನ್ಸ್ ದೇಶದ ಮಾರ್ಸೆಲ್ ಮಾರ್ಸೋ (1923–2007) ಯೆಹೂದ್ಯ ಕುಟುಂಬದವರು. ಅವರ ತಂದೆಯನ್ನು ನಾಜಿಗಳು ಆಶ್ವಿಟ್ಸ್ ಶಿಬಿರಕ್ಕೆ ಒಯ್ದು ಕೊಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತರುಣ ಮಾರ್ಸೋ ಯೆಹೂದ್ಯ ಮಕ್ಕಳ ಗುಂಪುಗಳನ್ನು ಸ್ವಿಟ್ಜರ್ಲೆಂಡಿನ ಗಡಿಯತ್ತ ಗುಟ್ಟಾಗಿ ಕರೆದೊಯ್ಯುವ ಕೆಲಸದಲ್ಲಿ ಸೇರಿಕೊಂಡರು. ಸದ್ದಾದರೆ ಪ್ರಾಣವೇ ಹೋಗುವ ಆ ಪ್ರಯಾಣದಲ್ಲಿ ಮಕ್ಕಳನ್ನು ಸುಮ್ಮನಿರಿಸಲು ಅವರು ಮೂಕಾಭಿನಯವನ್ನು ಉಪಯೋಗಿಸಿದರೆಂದು ಅವರ ಬಂಧುವೂ ಆ ಕಾರ್ಯದ ಸಂಗಡಿಗರೂ ಆಗಿದ್ದ ಜಾರ್ಜ್ ಲ್ವಾಂಜೆ ಹೇಳಿದ್ದಾರೆ. ಸುಕ್ಕಾದ ಟೋಪಿಯ ಮೇಲೆ ಹೂವನ್ನು ಸಿಕ್ಕಿಸಿಕೊಂಡ ‘ಬಿಪ್’ ಎಂಬ ಅವರ ಪಾತ್ರವನ್ನು ಜಗತ್ತು ಕಂಡದ್ದು 1947ನೆಯ ಇಸವಿಯಿಂದ. ಅದಕ್ಕೆ ಮುಂಚೆಯೇ ಈ ಕಲೆಯು ಮಕ್ಕಳ ಪ್ರಾಣರಕ್ಷಣೆಯ ಸಾಧನವಾಗಿ ಬಳಕೆಗೆ ಬಂದಿತ್ತು.

ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ (1926–2011) ಎಂಬ ಮಹಿಳೆಯು ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ಉಣ್ಣೆಯ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವರು. ಗಿರಣಿಯ ಯಜಮಾನರೇ ಶುಲ್ಕವನ್ನು ಕೊಟ್ಟು ಅವರನ್ನು ನಾಟಕ ಶಾಲೆಗೆ ಕಳುಹಿಸಿದರು. ಮುಂದೆ ಅವರು ಉಪಾಧ್ಯಾಯರಿಗೆ ಉಪಾಧ್ಯಾಯಿನಿಯಾದರು. ಅವರ ತರಗತಿಯಲ್ಲಿ ಬಾಯಿಪಾಠದ ಸಂಭಾಷಣೆಯಿರಲಿಲ್ಲ. ತಾವೇ ಒಂದು ಪಾತ್ರವಾಗಿ, ಸಂಕಟದಲ್ಲಿ ಸಿಕ್ಕಿದವರಾಗಿ ಮಕ್ಕಳ ಮುಂದೆ ಬಂದು, ಏನು ಮಾಡಲೆಂದು ಅವರ ಸಲಹೆಯನ್ನೇ ಕೇಳುತ್ತಿದ್ದರು. ಮಕ್ಕಳು ಆಲೋಚಿಸಿ, ವಾದಿಸಿ, ನಿರ್ಣಯಿಸಬೇಕಾಗುತ್ತಿತ್ತು. ಪ್ರೇಕ್ಷಕರಿಲ್ಲದ ಈ ನಾಟಕದಲ್ಲಿ ಪಾತ್ರವಿಲ್ಲದ ಮಗುವೇ ಇರಲಿಲ್ಲ.

ನಮ್ಮವರೇ ಆದ ಬಿ. ವಿ. ಕಾರಂತರ (1929–2002) ದೃಷ್ಟಾಂತವನ್ನು ನಾವು ಇನ್ನೂ ಹತ್ತಿರದಿಂದ ಬಲ್ಲೆವು. ದಕ್ಷಿಣ ಕನ್ನಡದ ಹಳ್ಳಿಯ ಶಾಲೆಯಲ್ಲಿ, ಮೂರನೆಯ ತರಗತಿಯಲ್ಲಿದ್ದಾಗ ‘ನನ್ನ ಗೋಪಾಲ’ ನಾಟಕದಲ್ಲಿ ಅಭಿನಯಿಸಿದ್ದೇ ಅವರ ರಂಗಜೀವನದ ಆರಂಭವು. ಅನಂತರ ಅವರು ಮನೆಯನ್ನು ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿಯನ್ನು ಸೇರಿದರು. ಇದನ್ನು ಓದಿ ತಾಯಿತಂದೆಗಳು ಗಾಬರಿಯಾಗದಿರಲಿ! ಅದೇ ಕಂಪನಿಯ ಒಡೆಯರಾದ ಗುಬ್ಬಿ ವೀರಣ್ಣನವರು ಅವರನ್ನು ಕಾಶಿಗೆ ಕಳುಹಿಸಿ ಎಂ. ಎ. ಪದವಿಯ ವರೆಗೆ ಓದಿಸಿದರು. 1962ನೆಯ ಇಸವಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದ ಕಾರಂತರು 1969ರಿಂದ 1972ರ ವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕವನ್ನು ಕಲಿಸಿದರು. ಮುಂದೆ ಆ ರಾಷ್ಟ್ರೀಯ ಶಾಲೆಗೇ ನಿರ್ದೇಶಕರಾದ ಮಹನೀಯರು ಮಕ್ಕಳ ತರಗತಿಯನ್ನು ತಮಗೆ ಕಡಿಮೆಯೆಂದು ತಿಳಿಯಲಿಲ್ಲ. ಅವರ ಪತ್ನಿ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಮಕ್ಕಳ ನಾಟಕ ತಂಡವನ್ನೇ ಕಟ್ಟಿ ಬೆಳೆಸಿದರು. ಪಂಜರದ ಹಕ್ಕಿಗೆ ವಿದ್ಯೆ ಕಲಿಸುತ್ತೇವೆಂದು ಪಂಡಿತರು ಅದರ ಗಂಟಲಿಗೆ ಹಾಳೆಗಳನ್ನು ತುರುಕಿ ಕೊಂದ ರವೀಂದ್ರನಾಥ ಠಾಕೂರರ ಕಥೆಯನ್ನು ಕಾರಂತರು ‘ಪಂಜರ ಶಾಲೆ’ ಎಂಬ ನಾಟಕವನ್ನಾಗಿ ಮಾಡಿದುದು ಆಕಸ್ಮಿಕವಲ್ಲ.

ಇನ್ನು ಆಕ್ಷೇಪಣೆಗಳು. ಪರೀಕ್ಷೆಯ ಓದಿಗೆ ಅಡ್ಡಿಯಾಗುತ್ತದೆಂಬುದು ಮೊದಲನೆಯದು. ಉತ್ಸವದ ನಾಟಕಕ್ಕಾಗಿ ಹನ್ನೆರಡು ಮಂದಿಯ ಪಾಠಗಳನ್ನು ಮೂರು ವಾರ ತಪ್ಪಿಸುವುದು ನಿಜವಾಗಿಯೂ ಅಡ್ಡಿಯೇ. ಎಲ್ಲರಿಗೂ ವಾರಕ್ಕೊಂದು ಅವಧಿಯನ್ನು ಮೀಸಲಿಡುವುದು ಅಡ್ಡಿಯಲ್ಲ. ಗಟ್ಟಿಯಾಗಿ, ಅರ್ಥವರಿತು ಪದ್ಯವನ್ನು ಓದಬಲ್ಲವಳಿಗೆ ಆ ಪದ್ಯವು ಬೇಗನೆ ಮನಸ್ಸಿನಲ್ಲಿ ನಿಲ್ಲುತ್ತದೆಂಬುದನ್ನು ಭಾಷಾಶಿಕ್ಷಕಿಯರು ಬಲ್ಲರು. ಕುಲೀನ ಹುಡುಗಿಯರಿಗೆ ನಾಟಕವು ತಕ್ಕುದಲ್ಲವೆಂಬುದು ಎರಡನೆಯದು. ಬಹುಕಾಲ ನಮ್ಮ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನೂ ಪುರುಷರೇ ಧರಿಸುತ್ತಿದ್ದುದು ಈ ಭಾವನೆಯಿಂದಲೇ. ಆದರೆ 1958ನೆಯ ಇಸವಿಯಲ್ಲಿ ಆರ್. ನಾಗರತ್ನಮ್ಮನವರು ಸ್ತ್ರೀಯರದೇ ಆದ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ರಾವಣರಂಥ ಪಾತ್ರಗಳನ್ನು ತಾವೇ ವಹಿಸಿ ಕೀರ್ತಿಯನ್ನು ಪಡೆದರು. 2012ನೆಯ ಇಸವಿಯಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಹೀಗಿರುವಲ್ಲಿ ಹಳೆಯ ಆಕ್ಷೇಪಣೆಯನ್ನು ಇನ್ನೂ ಹೊತ್ತುಕೊಂಡಿರುವುದು ನಮಗೆ ಶೋಭಿಸದು. ಖರ್ಚಿನ ಮಾತು ಮೂರನೆಯದು. ಬಾಡಿಗೆಯ ಉಡುಪು, ಪರದೆ, ದೀಪಗಳಿಗೆ ಒಂದು ಸಂಜೆಗಾಗಿ ಸುರಿಯುವ ಹಣವು ಕಲಾವಿದರ ಸಂಭಾವನೆಗೆ ಹೋಗಲಿ. ಮೂಕಾಭಿನಯಕ್ಕೆ ಬೇಕಾದುದು ಗುಡಿಸಿದ ಒಂದು ಕೊಠಡಿ ಮಾತ್ರ.

ಆದುದರಿಂದ ಶಾಲೆಯನ್ನು ನಡೆಯಿಸುವವರಲ್ಲಿ ನನ್ನ ವಿಜ್ಞಾಪನೆಗಳು ನಾಲ್ಕು. ಕಲಾವಿದರನ್ನು ವಾರ್ಷಿಕೋತ್ಸವದ ತಿಂಗಳಲ್ಲಿ ಕರೆಯದೆ ಶಾಲಾವರ್ಷದ ಆರಂಭದಲ್ಲಿ ಕರೆಯಿರಿ. ಆಗ ಪ್ರದರ್ಶನದ ಅವಸರವು ಅವರ ಬೆನ್ನಟ್ಟುವುದಿಲ್ಲ. ಆಯ್ದವರನ್ನು ಕಳುಹಿಸದೆ ತರಗತಿಗೆ ತರಗತಿಯನ್ನೇ ಕಳುಹಿಸಿರಿ. ತೊದಲುವವಳೂ, ಕುಂಟುವವಳೂ, ಹೊಸದಾಗಿ ಊರಿಗೆ ಬಂದು ಕನ್ನಡವನ್ನು ಸರಿಯಾಗಿ ಅರಿಯದವಳೂ ಅದರಲ್ಲಿರಲಿ. ಮಾತಿಲ್ಲದ ಅಭಿನಯದಲ್ಲಿ ಇವರು ಯಾರಿಗೂ ಹಿಂದೆ ಬೀಳಬೇಕಾಗಿಲ್ಲ. ಶಾಲೆಯ ಇಬ್ಬರು ಉಪಾಧ್ಯಾಯಿನಿಯರಾದರೂ ಪ್ರತಿಯೊಂದು ಪಾಠದಲ್ಲಿ ಮಕ್ಕಳೊಡನೆ ಕಲಿಯಲಿ; ಇದರಿಂದ ಮಕ್ಕಳಿಗೆ ಧೈರ್ಯವೂ ಪೋಷಕರಿಗೆ ಸಮಾಧಾನವೂ ಉಂಟಾಗುವುದಲ್ಲದೆ, ಅತಿಥಿಯು ಹೊರಟ ಮೇಲೆ ದೀಪವನ್ನು ಆರದಂತೆ ಕಾಯುವವರು ಶಾಲೆಯಲ್ಲೇ ಇರುವರು. ಕೊನೆಯದಾಗಿ, ಫಲವನ್ನು ಚಪ್ಪಾಳೆಯಿಂದ ಅಳೆಯಬೇಡಿರಿ. ಕಳೆದ ವರ್ಷ ಒಂದು ಸಲವೂ ಕೈಯೆತ್ತದ ಹುಡುಗಿಯು ಈ ವರ್ಷ ಪ್ರಶ್ನೆ ಕೇಳಿದಳೇ ಎಂಬುದನ್ನು ನೋಡಿರಿ.

ಬಾಲಿಕೆಯರಿಗೆ ಅಕ್ಷರವೇ ಬೇಡವೆನ್ನುತ್ತಿದ್ದ ಕಾಲವೊಂದಿತ್ತು. ಹಿರಿಯರು ಆ ಮಾತನ್ನು ಲಕ್ಷಿಸದೆ ಅವರ ಕೈಗೆ ಪುಸ್ತಕವನ್ನು ಕೊಟ್ಟರು. ಆ ಪುಸ್ತಕದಲ್ಲಿ ಓದಿದುದನ್ನು ನಾಲ್ಕು ಜನರ ಮುಂದೆ ನೆಟ್ಟಗೆ ನಿಂತು, ಎಲ್ಲರಿಗೂ ಕೇಳಿಸುವಂತೆ ಹೇಳುವ ಶಕ್ತಿಯನ್ನು ಕೊಡುವುದು ನಮ್ಮ ಪಾಲಿಗೆ ಬಂದ ಕೆಲಸವು. ಇದನ್ನು ಪೋಷಕರೂ ಉಪಾಧ್ಯಾಯಿನಿಯರೂ ಕೂಡಿ ನೆರವೇರಿಸಲೆಂದು ಹಾರೈಸುತ್ತೇನೆ.